ಲಿವರ್ ರೈಫಲ್ ಬೇಕಾ? ಮೊದಲು ಸೆಕ್ಷನ್ 13 ಓದಿ

ಯೂಟ್ಯೂಬ್‌ನಲ್ಲಿ ಲಿವರ್ ಎಳೆದು ಟಪಟಪ ಗುಂಡು ಹಾರಿಸೋದನ್ನ ನೋಡಿದ್ರೆ, ಕಾಡುಹಂದಿ ನುಗ್ಗೋ ಕುರುಗೋಡಿನ ಹೊಲಕ್ಕೂ ಇದೇ ಸರಿ ಅನ್ನಿಸಬಹುದು. ಅಮೆರಿಕದವರ ತಲೆನೋವು ಯಾವ ಕಾಟ್ರಿಡ್ಜ್ ಅನ್ನೋದು. 1894ರ ವಿಂಚೆಸ್ಟರ್‌ಗೆ .30-30, ಅದೂ ಚಪ್ಪಟೆ ಮೂತಿಯದು. ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ಹಿಂದೊಂದು ನಿಲ್ಲೋದರಿಂದ ಚೂಪು ತುದಿ ಮುಂದಿನದರ ಹಿಂಬದಿಗೆ ಕುಟ್ಟಿ ಸಿಡಿಯೋ ಅಪಾಯವಿದೆ.

ನಮ್ಮ ತಲೆನೋವೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13 ಬೆಳೆ ಕಾಯೋಕೆ ಹೇಳೋದು ರೈಫಲ್ ಅಲ್ಲ, ಮೂತಿಯಿಂದ ಮದ್ದು ತುಂಬೋ ಕೋವಿ! ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದ್ರೆ, ನಳಿಗೆಯೊಳಗೆ ಗೀರಿಲ್ಲದ, 20 ಇಂಚಿಗೆ ಕಡಿಮೆಯಿಲ್ಲದ ಬಂದೂಕು. ಶೋಕಿಗಾದ್ರೆ .22 ರೈಫಲ್, ಮಾನ್ಯತೆ ಇರೋ ಕ್ಲಬ್‌ನ ಸದಸ್ಯರಿಗೆ, ಗುರಿ ಅಭ್ಯಾಸಕ್ಕೆ. ದೊಡ್ಡ ರೈಫಲ್‌ಗೆ ‘ಸೂಕ್ತ ಕಾರಣ’ ಒಪ್ಪಿಸಬೇಕು. ಒಪ್ಪಿದ್ರೂ, ಸರ್ಕಾರಿ ಕಾರ್ಖಾನೆಯ .315 ಬೋಲ್ಟ್‌ನದು, ಲಿವರ್‌ನದಲ್ಲ.

ಲೈಸೆನ್ಸ್ ಸಿಕ್ಕಿದ ಮಾತ್ರಕ್ಕೆ ಹಂದಿ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ದರೋಜಿ ಕರಡಿಧಾಮ ನಮಗೆ ಹತ್ತಿರದಲ್ಲೇ ಇದೆ. ಕತ್ತಲಲ್ಲಿ ಹಂದಿ ಅಂದ್ಕೊಂಡು ಹೊಡೆದದ್ದು ಕರಡಿಯಾದ್ರೆ? ಅದು ಮೊದಲ ಶೆಡ್ಯೂಲಿನ ಪ್ರಾಣಿ, ಕನಿಷ್ಠ 3 ವರ್ಷ ಜೈಲು. ಈ ಬಿಗಿ ನನಗೆ ಸರಿಯೇ ಅನ್ನಿಸುತ್ತೆ. ಆದ್ರೆ ಆ ಲಿಖಿತ ಆದೇಶ ಬರೋ ಹೊತ್ತಿಗೆ ಬೆಳೆ ಉಳಿದಿರುತ್ತಾ? ಶಾಸಕರನ್ನ ನಾವು ಕೇಳಬೇಕಾದ್ದು ಇದನ್ನ.