ಹೆಡ್‌ಫೋನಿನ ತಂತಿ: ತಾಮ್ರವೋ, ಬೆಳ್ಳಿಯೋ?

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ನಡೆಯುವವನು ಸ್ವಲ್ಪ ಹೊತ್ತಿನಲ್ಲಿಯೇ ಲೋಹದ ತಂತಿಯ ಎರಡು ರೂಪಗಳನ್ನು ಕಾಣಬಹುದು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾದರೂ ಜನರ ಬಾಯಲ್ಲಿ ಇಂದಿಗೂ ಮೈಸೂರು ಬ್ಯಾಂಕ್ ವೃತ್ತವೆಂದೇ ಉಳಿದಿರುವ ಎಡೆಯಿಂದ ಹೊರಟು, ಹಳೆಯ ಪುಸ್ತಕಗಳ ರಾಶಿಗಳನ್ನು ದಾಟಿ, ಹಿಂದೆ ದೊಡ್ಡಪೇಟೆಯೆಂದು ಹೆಸರಾಗಿದ್ದ ಈ ಬೀದಿಯು ಚಿಕ್ಕಪೇಟೆಯನ್ನು ಸಂಧಿಸುವ ಚೌಕಕ್ಕೆ ಬಂದರೆ, ಅಲ್ಲಿ ರೇಷ್ಮೆ ಸೀರೆಗಳ ಅಂಚಿನಲ್ಲಿ ಜರಿಯು ಹೊಳೆಯುತ್ತಿರುವುದು. ಮುಂದೆ ನಡೆದು ಎಸ್. ಪಿ. ರಸ್ತೆಯ ಕಡೆಗೆ ತಿರುಗಿದರೆ, ಸುರುಳಿಗಟ್ಟಿದ ವಿದ್ಯುತ್ ತಂತಿಗಳು, ಪ್ಲಗ್ಗುಗಳು, ಸಾಕೆಟ್ಟುಗಳು ಅಂಗಡಿಗಳ ಬಾಗಿಲಿನವರೆಗೂ ತೂಗಾಡುತ್ತಿರುವುವು.

ಇವೆರಡಕ್ಕೂ ಹತ್ತಿರದ ನಂಟುಂಟು. ಅಪ್ಪಟ ಜರಿಯೆಂದರೆ ಕೂದಲಿನಂತೆ ಸಣ್ಣಗೆ ಎಳೆದ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆಯ ದಾರದ ಮೇಲೆ ಸುತ್ತಿ, ಚಿನ್ನದ ಲೇಪ ಕೊಟ್ಟದ್ದು. ದೂರವಾಣಿಯ ಕೈಹಿಡಿಕೆಗೆ ಬರುತ್ತಿದ್ದ ಬಳ್ಳಿಯನ್ನು ಮಾಡುತ್ತಿದ್ದುದೂ ಹೀಗೆಯೇ: ತಾಮ್ರದ ತೆಳುಪಟ್ಟಿಯನ್ನು ನೂಲಿನ ಮೇಲೆ ಸುತ್ತಿದ ಎಳೆಗಳ ಕಟ್ಟು. ಎಳೆತದ ಭಾರವನ್ನು ನೂಲು ಹೊರುವುದು. ಲೋಹವು ಸುರುಳಿಯಾಗಿರುವುದರಿಂದ ಸಾವಿರಾರು ಸಲ ಬಗ್ಗಿದರೂ ಮುರಿಯದು. ಹೆಡ್‌ಫೋನು ದೂರವಾಣಿಯ ವಂಶದ್ದೇ ಆದುದರಿಂದ ಇದೇ ರಚನೆ ಅದರ ತಂತಿಗಳಿಗೂ ಬಂದಿತು. 6.35 ಮಿಲಿಮೀಟರಿನ ದಪ್ಪ ಪ್ಲಗ್ಗೂ ಹಳೆಯ ದೂರವಾಣಿ ವಿನಿಮಯ ಕೇಂದ್ರಗಳ ಬಳುವಳಿ.

ಈ ವಿಷಯವನ್ನು ಪರಿಶೀಲಿಸುವ ಸಂದರ್ಭ ನನಗೆ ಒದಗಿದುದು ಚಾಮರಾಜಪೇಟೆಯ ಮಿತ್ರರೊಬ್ಬರಿಂದ. ಅವರು ನಿವೃತ್ತರಾದಾಗ ಬಂದ ಹಣದಲ್ಲಿ ಒಂದು ಭಾಗವನ್ನು ವಿನಿಯೋಗಿಸಿ ಉತ್ತಮ ದರ್ಜೆಯ ಹೆಡ್‌ಫೋನೊಂದನ್ನು ಕೊಂಡಿದ್ದರು. ಎರಡು ವರ್ಷಗಳ ತರುವಾಯ ಅದರಲ್ಲಿ ವಿಚಿತ್ರವಾದೊಂದು ವ್ಯತ್ಯಾಸ ತಲೆದೋರಿತು. ಕಚೇರಿಯ ಧ್ವನಿಮುದ್ರಿಕೆಗಳಲ್ಲಿ ಪಿಟೀಲು ಮೃದಂಗಗಳು ಎಡಬಲಗಳಲ್ಲಿ ಮೊದಲಿನಂತೆಯೇ ಕೇಳುತ್ತಿದ್ದುವು. ಹಾಡುವವರ ಕಂಠ ಮಾತ್ರ ಪಕ್ಕದ ಮನೆಯಿಂದ ಬಂದಂತೆ ಕ್ಷೀಣವಾಗಿತ್ತು. ಎಡಬಲಗಳ ಭೇದವಿಲ್ಲದ ಹಳೆಯ ಮುದ್ರಿಕೆಗಳಂತೂ ಕೆಲವು ದಿನ ಕೇಳುತ್ತಲೇ ಇರಲಿಲ್ಲ. ತಮ್ಮ ಕಿವಿಯೇ ಮಂದವಾಗುತ್ತಿದೆಯೆಂದು ಅವರು ಹೆದರಿದರು. ಅರುವತ್ತು ದಾಟಿದವರಿಗೆ ಆ ಹೆದರಿಕೆ ಸಹಜವೇ. ಅಷ್ಟರಲ್ಲಿ ಯಾರೋ ಬೆಳ್ಳಿಯ ತಂತಿಯ ಕೇಬಲ್ಲನ್ನು ಹಾಕಿಸಿದರೆ ಕಂಠಸ್ವರ “ಮುಂದೆ ಬರುವುದು” ಎಂದು ಹೇಳಿದರು. ಆ ಕೇಬಲ್ಲಿನ ಬೆಲೆ ಹೆಡ್‌ಫೋನಿನ ಬೆಲೆಗೆ ಸಮೀಪವಾಗಿತ್ತು. ಕೊಳ್ಳಲೇ ಬೇಡವೇ ಎಂಬುದು ಅವರ ಪ್ರಶ್ನೆ.

ಮೊದಲು ಲೆಕ್ಕವನ್ನು ನೋಡೋಣ. ಲೋಹದ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಅಷ್ಟಿಷ್ಟು ತಡೆಯುಂಟು, ಇದೇ ರೋಧ. ಅಳತೆಯ ಮಾನ ಓಮ್. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವೂ ಒಂದು ಮೀಟರ್ ಉದ್ದವೂ ಉಳ್ಳ ತಾಮ್ರದ ತಂತಿಯ ರೋಧ ಸುಮಾರು 0.017 ಓಮ್, ಬೆಳ್ಳಿಯದು 0.016, ಚಿನ್ನದ್ದು 0.024. ಚಿನ್ನವು ತಾಮ್ರಕ್ಕಿಂತ ಕೀಳು ವಾಹಕವೆಂಬುದು ಅನೇಕರಿಗೆ ಆಶ್ಚರ್ಯವಾಗಬಹುದು. ಪ್ಲಗ್ಗಿಗೆ ಚಿನ್ನದ ಲೇಪ ಕೊಡುವುದು ಅದಕ್ಕೆ ಕಿಲುಬು ಹಿಡಿಯದೆಂಬ ಕಾರಣದಿಂದಲೇ ಹೊರತು ವಿದ್ಯುತ್ತು ಸುಲಭವಾಗಿ ಹರಿಯಲೆಂದಲ್ಲ.

ಹೆಡ್‌ಫೋನಿನ ಕೇಬಲ್ಲು 1.2 ಮೀಟರ್ ಉದ್ದ, ಪ್ರತಿಯೊಂದು ತಂತಿಯ ಅಡ್ಡಕೊಯ್ತ 0.1 ಚದರ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿ ತಾಮ್ರದಲ್ಲಿ ಸುಮಾರು 0.41 ಓಮ್, ಬೆಳ್ಳಿಯಲ್ಲಿ 0.38 ಓಮ್ ಆಗುವುದು. ಹೆಡ್‌ಫೋನಿನ ತಡೆಯೋ 32 ಓಮ್. ಪರ್ಯಾಯ ಪ್ರವಾಹಕ್ಕೆ ಅದರ ಸುರುಳಿಯು ಒಡ್ಡುವ ಒಟ್ಟು ತಡೆಯಾದ ಇಂಪೀಡೆನ್ಸ್ ಇದು. ಕೆಲವು ದೊಡ್ಡ ಹೆಡ್‌ಫೋನುಗಳಲ್ಲಿ ಇದು 300 ಓಮಿನಷ್ಟೂ ಇರುವುದು. 32 ಓಮಿಗೇ ಲೆಕ್ಕ ಹಾಕಿದರೂ ತಾಮ್ರದಲ್ಲಿ ಕಳೆದುಹೋಗುವ ಧ್ವನಿ 0.11 ಡೆಸಿಬೆಲ್, ಬೆಳ್ಳಿಯಲ್ಲಿ 0.10. ಅಂತರವು ಒಂದು ಡೆಸಿಬೆಲ್ಲಿನ ನೂರನೆಯ ಒಂದು ಪಾಲನ್ನೂ ಮುಟ್ಟದು. ನುರಿತ ಕಿವಿಯೂ ಇದರ ಹತ್ತಾರು ಪಟ್ಟು ದೊಡ್ಡ ವ್ಯತ್ಯಾಸವನ್ನೇ ಕಷ್ಟದಿಂದ ಗುರುತಿಸುವುದು. ಬೆಳ್ಳಿಯ ಅನುಕೂಲ ಬೇಕೇ ಬೇಕೆಂದರೆ ತಾಮ್ರದ ತಂತಿಯ ಅಡ್ಡಕೊಯ್ತವನ್ನು ನೂರಕ್ಕೆ ಎಂಟರಷ್ಟು ಹೆಚ್ಚಿಸಿದರೆ ಸಾಕು.

ಮಾರಾಟದ ಪತ್ರಿಕೆಗಳಲ್ಲಿ ಇನ್ನೂ ಕೆಲವು ಮಾತುಗಳು ಬರುವುವು. ಆಮ್ಲಜನಕರಹಿತ ತಾಮ್ರವೆಂಬುದು ನಿಜವಾದ ವಸ್ತುವೇ. ಆದರೆ ಅದರ ಮುಖ್ಯ ಪ್ರಯೋಜನ ಬೇರೆ. ಸಾಮಾನ್ಯ ತಾಮ್ರದಲ್ಲಿ ಅಡಗಿರುವ ಅಲ್ಪ ಆಮ್ಲಜನಕವು, ಲೋಹವನ್ನು ಜಲಜನಕದಲ್ಲಿ ಕಾಯಿಸಿದಾಗ, ನೀರಿನ ಆವಿಯಾಗಿ ಅದನ್ನು ಒಳಗಿನಿಂದ ಬಿರಿಸುವುದು. ಆ ಕೇಡನ್ನು ತಪ್ಪಿಸಲು ಆಮ್ಲಜನಕರಹಿತ ತಾಮ್ರ ಬೇಕು. ವಾಹಕತ್ವದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ಅತಿ ವೇಗದ ಕಂಪನಗಳಲ್ಲಿ ವಿದ್ಯುತ್ತು ತಂತಿಯ ಮೇಲ್ಮೈಗೆ ಸರಿಯುವುದೆಂಬುದೂ ಸತ್ಯವೇ. ಆದರೆ ನಾವು ಕೇಳಬಲ್ಲ ಕಂಪನಗಳ ಮೇಲಿನ ಎಲ್ಲೆಯಾದ ಸೆಕೆಂಡಿಗೆ 20,000 ಕಂಪನಗಳಲ್ಲಿಯೂ ತಾಮ್ರದಲ್ಲಿ ಅದು ವ್ಯಾಪಿಸುವ ಆಳ ಸುಮಾರು 0.46 ಮಿಲಿಮೀಟರ್. ಹೆಡ್‌ಫೋನಿನ ತಂತಿಯ ಎಳೆ ಅದಕ್ಕಿಂತ ಎಷ್ಟೋ ಸಣ್ಣದು. ಇನ್ನು ಕೇಬಲ್ಲಿನ ಮೇಲೆ ಬಾಣದ ಗುರುತು ಹಾಕಿ ಧ್ವನಿ ಈ ದಿಕ್ಕಿನಲ್ಲಿಯೇ ಹೋಗಬೇಕೆನ್ನುವವರಿಗೆ, ಧ್ವನಿಯ ವಿದ್ಯುತ್ತು ಸೆಕೆಂಡಿಗೆ ನೂರಾರು ಸಾವಿರಾರು ಸಲ ಹಿಂದೆ ಮುಂದೆ ಓಡಾಡುವುದೆಂಬುದನ್ನು ಜ್ಞಾಪಿಸಿದರೆ ಸಾಕು.

ಹಾಗಾದರೆ ಮಿತ್ರರ ಹೆಡ್‌ಫೋನಿನಲ್ಲಿ ಗಾಯಕರ ಕಂಠವೆಲ್ಲಿ ಹೋಯಿತು? ಸಾಧಾರಣವಾದ ಪ್ಲಗ್ಗಿನಲ್ಲಿ ಮೂರು ಭಾಗಗಳಿವೆ: ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡದ ಕೊಳವೆ ಎರಡಕ್ಕೂ ಸಾಮಾನ್ಯವಾದ ಹಿಂದಿರುಗುವ ದಾರಿ. ಈ ಬುಡದ ಬೆಸುಗೆಯು ಬಿರಿದು, ಅಲ್ಲಿ 16 ಓಮ್ ರೋಧ ಉಂಟಾಯಿತೆಂದು ಭಾವಿಸಿ. ನಡುವೆ ಕುಳಿತು ಹಾಡುವವರ ಧ್ವನಿಯು ಎರಡು ಕಿವಿಗಳಿಗೂ ಸಮನಾಗಿ ಹೋಗುವುದರಿಂದ, ಎರಡು ಪ್ರವಾಹಗಳೂ ಸೇರಿ ಆ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಹಿಂದಿರುಗಬೇಕು. 32 ಓಮಿನ ಹೆಡ್‌ಫೋನಿನಲ್ಲಿ ಆಗ ಕಂಠಕ್ಕೆ ದೊರೆಯುವ ವೋಲ್ಟೇಜು ಸರಿಯಾಗಿ ಅರ್ಧಕ್ಕಿಳಿಯುವುದು. ಎಡಬಲಗಳ ನಡುವಣ ವ್ಯತ್ಯಾಸವಾಗಿರುವ ಧ್ವನಿಗೆ ಈ ತಡೆಯೇ ಇಲ್ಲ. ಅದು ಒಂದು ಸುರುಳಿಯ ಮೂಲಕ ಹೋಗಿ ಇನ್ನೊಂದರ ಮೂಲಕ ಹಿಂದಿರುಗುವುದು. ಬೆಸುಗೆ ಪೂರ್ತಿಯಾಗಿ ಕಡಿದುಹೋದರೆ ಗಾಯಕರು ಮಾಯವಾಗಿ, ಪಕ್ಕವಾದ್ಯಗಳು ಮಾತ್ರ ಟೊಳ್ಳಾಗಿ ಉಳಿಯುವುವು. ಎರಡು ಕಿವಿಗೂ ಒಂದೇ ಧ್ವನಿಯುಳ್ಳ ಹಳೆಯ ಮುದ್ರಿಕೆಗಳು ಮೂಕವಾಗುವುದೂ ಇದರಿಂದಲೇ.

ಎಸ್. ಪಿ. ರಸ್ತೆಯ ಕಿರಿದಾದ ಅಂಗಡಿಯೊಂದರಲ್ಲಿ ಕುಳಿತಿದ್ದ ರಿಪೇರಿಯವರು ಈ ಯಾವ ಲೆಕ್ಕವನ್ನೂ ಹಾಕಲಿಲ್ಲ. ಮಲ್ಟಿಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ಬುಡಕ್ಕೂ ಇನ್ನೊಂದನ್ನು ಕೇಬಲ್ಲಿನ ಆಚೆಯ ತುದಿಗೂ ಇಟ್ಟು, ಪ್ಲಗ್ಗಿನ ಕತ್ತನ್ನು ಮೆಲ್ಲನೆ ಅಲುಗಿಸಿದರು. ಅಂಕಿ ಕುಣಿಯಿತು. “ಕೇಬಲ್ ಚೆನ್ನಾಗಿದೆ ಸ್ವಾಮಿ, ಪ್ಲಗ್ಗು ಹೋಗಿದೆ” ಎಂದರು. ಕತ್ತಿನ ಬಳಿ ಒಂದು ಅಂಗುಲ ಕತ್ತರಿಸಿ ಹೊಸ ಪ್ಲಗ್ಗನ್ನು ಬೆಸೆಯಲು ಕಾಲು ಗಂಟೆ ಹಿಡಿಯಿತು. ಅಲ್ಲಿಯೇ ಹಾಡು ಹಾಕಿ ಕೇಳಿದ ಮಿತ್ರರು ಬಹಳ ಹೊತ್ತು ಹೆಡ್‌ಫೋನನ್ನು ತೆಗೆಯಲಿಲ್ಲ. ಅವರ ಕಿವಿಗೆ ಏನೂ ಆಗಿರಲಿಲ್ಲ.

ಅಂದಮಾತ್ರಕ್ಕೆ ಕೇಬಲ್ಲಿನಿಂದ ಧ್ವನಿಯು ಎಂದಿಗೂ ಬದಲಾಗದೆಂದು ಹೇಳಿದರೆ ಅದೂ ತಪ್ಪಾಗುವುದು. ಕಿವಿಯೊಳಗೆ ಸೇರಿಸುವ ಚಿಕ್ಕ ಇಯರ್‌ಫೋನುಗಳಲ್ಲಿ ಕೆಲವಕ್ಕೆ ಪ್ರತಿ ಕಿವಿಗೂ ಹಲವು ಧ್ವನಿಜನಕಗಳಿರುವುವು. ಇವುಗಳ ಇಂಪೀಡೆನ್ಸ್ ಸ್ಥಿರವಲ್ಲ. ಒಂದು ಸ್ವರದಲ್ಲಿ 40 ಓಮ್ ಇದ್ದುದು ಇನ್ನೊಂದರಲ್ಲಿ 5 ಓಮಿಗಿಳಿಯಬಹುದು. ನಮ್ಮ 0.4 ಓಮಿನ ತಂತಿಯು ಮೊದಲನೆಯದರಲ್ಲಿ 0.1 ಡೆಸಿಬೆಲ್ಲಿಗಿಂತ ಕಡಮೆ ಕಳೆದರೆ, ಎರಡನೆಯದರಲ್ಲಿ 0.7ರಷ್ಟನ್ನು ಕಳೆಯುವುದು. ಸ್ವರಗಳ ಪರಸ್ಪರ ಪ್ರಮಾಣವೇ ಅರ್ಧ ಡೆಸಿಬೆಲ್ಲಿಗೂ ಮೀರಿ ಮಾರ್ಪಟ್ಟಂತಾಯಿತು; ಇದನ್ನು ಗಮನವಿಟ್ಟು ಕೇಳುವವರು ಗುರುತಿಸಬಲ್ಲರು. ಇಂಥ ಇಯರ್‌ಫೋನುಗಳಿಗೆ ಕಡಮೆ ರೋಧದ ಕೇಬಲ್ಲನ್ನು ಆರಿಸುವುದು ವಿವೇಕ. ಅದಕ್ಕೂ ಬೆಳ್ಳಿಯೇ ಬೇಕಿಲ್ಲ, ತಾಮ್ರ ದಪ್ಪವಾಗಿದ್ದರಾಯಿತು.

ಜನರನ್ನು ಹೆಚ್ಚಾಗಿ ಮೋಸಗೊಳಿಸುವುದು ‘ಬ್ಯಾಲೆನ್ಸ್ಡ್’ ಎಂಬ ಹೆಸರಿನ, 4.4 ಮಿಲಿಮೀಟರ್ ಪ್ಲಗ್ಗಿನ ಕೇಬಲ್ಲು. ಮೋಸ ಕೇಬಲ್ಲಿನದಲ್ಲ, ಕಿವಿಯದು. ಇದರಲ್ಲಿ ಎರಡು ಕಿವಿಗಳಿಗೂ ಹಿಂದಿರುಗುವ ದಾರಿ ಬೇರೆ ಬೇರೆ. ನನ್ನ ಮಿತ್ರರಿಗಾದ ತೊಂದರೆ ಇಲ್ಲಿ ಆಗದು. ಒಂದು ಕಿವಿಯ ಧ್ವನಿ ಇನ್ನೊಂದಕ್ಕೆ ಸೋರುವುದೂ ಕಡಮೆ. ಆದರೆ ಇದನ್ನು ಚುಚ್ಚುವ ಸಾಕೆಟ್ಟಿನ ಹಿಂದಿರುವ ವರ್ಧಕವು ಅನೇಕ ಯಂತ್ರಗಳಲ್ಲಿ ಇಮ್ಮಡಿ ವೋಲ್ಟೇಜನ್ನು, ಎಂದರೆ 6 ಡೆಸಿಬೆಲ್ ಹೆಚ್ಚು ಧ್ವನಿಯನ್ನು, ಕೊಡುವುದು. ಹೆಚ್ಚು ಗಟ್ಟಿಯಾದುದೇ ಹೆಚ್ಚು ಸ್ಪಷ್ಟ ಎಂದು ತಿಳಿಯುವುದು ಮನುಷ್ಯರ ಕಿವಿಯ ಹಳೆಯ ಅಭ್ಯಾಸ. ಹೊಸ ಕೇಬಲ್ಲು ಹಾಕಿದೊಡನೆ ಸಂಗೀತಕ್ಕೆ ಜೀವ ಬಂದಿತೆಂದು ಹೇಳುವವರಲ್ಲಿ ಎಷ್ಟೋ ಮಂದಿ ಧ್ವನಿಯ ಮಟ್ಟವನ್ನು ಸಮ ಮಾಡಿ ನೋಡಿರುವುದಿಲ್ಲ.

ಸಂದೇಹವಿರುವವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಕೇಬಲ್ಲುಗಳನ್ನೂ ಬಟ್ಟೆಯಿಂದ ಮುಚ್ಚಿ, ಒಂದೇ ಸಾಕೆಟ್ಟಿನಿಂದ, ಒಂದೇ ಮಟ್ಟದಲ್ಲಿ ಧ್ವನಿ ಬರುವಂತೆ ಮಾಡಬೇಕು. ಸ್ನೇಹಿತರೊಬ್ಬರು ನಾಣ್ಯ ಚಿಮ್ಮಿ ಯಾವ ಕೇಬಲ್ಲೆಂದು ತೀರ್ಮಾನಿಸಿ ಜೋಡಿಸಲಿ. ಕೇಳುವವರು ಹಿಂದಿರುಗಿ ನೋಡದೆ ಉತ್ತರ ಹೇಳಲಿ. ಹೀಗೆ ಹತ್ತು ಬಾರಿ. ಬರಿಯ ಊಹೆಯಿಂದ ಐದಾರು ಸರಿಯಾಗುವುದು ಸಾಮಾನ್ಯ. ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವವು 1024ರಲ್ಲಿ 11 ಮಾತ್ರ. ಅಷ್ಟು ಸರಿಯಾದರೆ ವ್ಯತ್ಯಾಸವನ್ನು ನಿಜವಾಗಿಯೂ ಕೇಳುತ್ತಿದ್ದೀರೆಂದು ನಂಬಬಹುದು. ಕೇಬಲ್ಲಿನ ತೂಕ ಕಿವಿಗೆ ತಾಗಿ ಗುಟ್ಟು ಬಯಲಾಗದಂತೆ ಸ್ನೇಹಿತರು ಅದನ್ನು ಕೈಯಲ್ಲಿ ಹಿಡಿದಿರಬೇಕು. ಈ ಎಚ್ಚರಿಕೆಯನ್ನು ಮರೆತು ನಾನೇ ಒಮ್ಮೆ ಎಂಟು ಸರಿಯುತ್ತರ ಕೊಟ್ಟು ಬೀಗಿದ್ದುಂಟು.

ಕೇಬಲ್ಲನ್ನು ಕೊಳ್ಳಬೇಕಾಗಿಯೇ ಬಂದರೆ ಗಮನಿಸಬೇಕಾದುದು ಲೋಹದ ಹೆಸರಿಗಿಂತ ಕಟ್ಟುವಿಕೆಯನ್ನು. ತಂತಿಯು ಮುರಿಯುವುದು ಪ್ಲಗ್ಗಿನ ಕತ್ತಿನಲ್ಲಿ, ಎಡಬಲಗಳು ಕವಲೊಡೆಯುವಲ್ಲಿ. ಆ ಎಡೆಗಳಲ್ಲಿ ಮೆತ್ತನೆಯ ರಬ್ಬರಿನ ಆಸರೆ ಇರಬೇಕು. ನೂಲಿನ ಹೆಣಿಗೆಯ ಕವಚ ನೋಡಲು ಅಂದವೇ. ಆದರೆ ಅಂಗಿಗೆ ಉಜ್ಜಿದಾಗ ಅದರ ಸದ್ದು ತಂತಿಯಗುಂಟ ನೇರವಾಗಿ ಕಿವಿಗೆ ಬರುವುದು. ಚಿಕ್ಕ ಇಯರ್‌ಫೋನುಗಳಲ್ಲಿ ಇದು ಬೆಳ್ಳಿ ತಾಮ್ರಗಳ ಭೇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಉಪದ್ರವ. ಅಂಗಡಿಯಲ್ಲಿಯೇ ಕೇಬಲ್ಲನ್ನು ಬೆರಳಿನಿಂದ ಮೀಟಿ ನೋಡಿರಿ. ಅಗ್ಗದ ಮಾಲಿನಲ್ಲಿ ತಾಮ್ರದ ತೊಗಲಿನೊಳಗೆ ಅಲ್ಯೂಮಿನಿಯಂ ಇರುವುದುಂಟು. ಒಂದೆಳೆಯನ್ನು ಚಾಕುವಿನಿಂದ ಹೆರೆದಾಗ ಬೆಳ್ಳಗೆ ಕಂಡರೆ ಅನುಮಾನಿಸಬೇಕು. ಕಲಾಯಿ ಮಾಡಿದ ತಾಮ್ರವೂ ಹೊರಗೆ ಬೆಳ್ಳಗಿರುವುದು, ಹೆರೆದರೆ ಕೆಂಪಾಗುವುದು, ಅದು ಒಳ್ಳೆಯದೇ.

ಹೆಡ್‌ಫೋನಿನ ಕಡೆಯ ಜೋಡಣೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದೇ ಅಳತೆಯ ಪ್ಲಗ್ಗಾದರೂ ಒಳಗಿನ ತಂತಿಗಳ ಕ್ರಮವು ತಯಾರಕರಿಂದ ತಯಾರಕರಿಗೆ ಬೇರೆಯಾಗಬಹುದು. ಒಂದು ಕಿವಿಯಲ್ಲಿ ಎರಡು ತಂತಿಗಳು ಅದಲುಬದಲಾದರೆ ಧ್ವನಿ ನಿಲ್ಲುವುದಿಲ್ಲ. ಗಾಯಕರ ಸ್ವರವು ತಲೆಯ ನಡುವೆ ನೆಲೆಗೊಳ್ಳದೆ ಸುತ್ತಲೂ ಚದುರಿದಂತಾಗುವುದು. ಕೆಲವರು ಇದನ್ನೇ “ವಿಶಾಲವಾದ ಧ್ವನಿ” ಎಂದು ಮೆಚ್ಚಿಕೊಂಡು ಇಟ್ಟುಕೊಂಡಿದ್ದಾರೆ!

ಪಾರದರ್ಶಕ ಕವಚದ ಕೇಬಲ್ಲಿನಲ್ಲಿ ಕೆಲವು ತಿಂಗಳುಗಳಲ್ಲಿ ಹಸಿರು ಬಣ್ಣ ಕಾಣಿಸಿಕೊಂಡರೆ ಗಾಬರಿಪಡಬೇಕಾದುದಿಲ್ಲ. ಹುಳಿ ಹಾಕಿ ತಿಕ್ಕದ ತಾಮ್ರದ ಚೆಂಬಿಗೆ ಹಿಡಿಯುವಂಥ ಕಿಲುಬೇ ಅದು. ಎಳೆಗಳ ಮೇಲಷ್ಟೇ ತೆಳ್ಳಗೆ ಹರಡಿರುವವರೆಗೆ ಒಳಗಿನ ಲೋಹ ತನ್ನ ಕೆಲಸವನ್ನು ಮಾಡುತ್ತಿರುವುದು. ಕಿಲುಬು ಪ್ಲಗ್ಗಿನ ಮುಖಕ್ಕೆ ಬಂದಾಗ ಮಾತ್ರ ಒರಸಬೇಕು. ಮಿತ್ರರು ಈಗ ತಿಂಗಳಿಗೊಮ್ಮೆ ಪ್ಲಗ್ಗನ್ನು ಒಣಬಟ್ಟೆಯಿಂದ ಒರಸಿಡುತ್ತಾರೆ. ಬೆಳ್ಳಿಯ ಕೇಬಲ್ಲಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಸ್ವಲ್ಪಭಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಪಾಲಾಯಿತು. ಉಳಿದುದು ಏನಾಯಿತೆಂದು ನಾನು ಕೇಳಿಲ್ಲ.