ಜಿಮ್ ಕ್ರೈಟನ್

ಬೇಸ್‌ಬಾಲ್ ಅಮೆರಿಕದ ಜನಪ್ರಿಯ ಆಟಗಳಲ್ಲಿ ಒಂದು. ಕ್ರಿಕೆಟ್ಟಿನಲ್ಲಿ ಬೌಲರ್ ಇರುವಂತೆ ಈ ಆಟದಲ್ಲಿ ಚೆಂಡೆಸೆಯಲು ಪಿಚರ್ ಇರುತ್ತಾನೆ. ದಾಂಡಿಗನನ್ನು ಕಕ್ಕಾಬಿಕ್ಕಿಗೊಳಿಸುವುದೇ ಇಂದಿನ ಪಿಚರನ ಗುರಿ. ಆದರೆ ಮೊದಲು ಹೀಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅವನು 45 ಅಡಿ ದೂರದಲ್ಲಿ ನಿಂತು, ಮಣಿಕಟ್ಟನ್ನು ಬಾಗಿಸದೆ, ತೋಳನ್ನು ಕೆಳಗಿನಿಂದ ಬೀಸಿ ಚೆಂಡನ್ನು ಎಸೆಯಬೇಕಾಗಿತ್ತು. ದಾಂಡಿಗನಿಗೆ ಹೊಡೆಯಲು ಅನುಕೂಲವಾಗುವಂತೆ ಚೆಂಡನ್ನು ಒದಗಿಸಿಕೊಡುವುದಷ್ಟೇ ಅವನ ಕೆಲಸ.

ಈ ಪದ್ಧತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯನು ಜಿಮ್ ಕ್ರೈಟನ್. 1841ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಈತನು ಕ್ರಿಕೆಟ್ಟಿನಲ್ಲಿಯೂ ನುರಿತವನು. 1860ರಲ್ಲಿ ಬ್ರೂಕ್ಲಿನ್ನಿನ ಎಕ್ಸೆಲ್ಸಿಯರ್ ಸಂಘವನ್ನು ಸೇರಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಅವನ ಚೆಂಡು ಅಸಾಧಾರಣ ವೇಗದಿಂದ ಮೇಲೇರುತ್ತ ಬರುತ್ತಿತ್ತು. ನಡುನಡುವೆ ಬೇಕೆಂದೇ ನಿಧಾನವಾದ ಎಸೆತವೂ ಬರುತ್ತಿತ್ತು. ಕಣ್ಣಿಗೆ ಕಾಣದಂತೆ ಮಣಿಕಟ್ಟನ್ನು ತಿರುಗಿಸುತ್ತಿದ್ದುದೇ ಈ ಚಳಕದ ಗುಟ್ಟೆಂದು ಹೇಳುತ್ತಾರೆ. ಇದು ನಿಯಮಬಾಹಿರವೆಂದು ಕೆಲವರು ಆಕ್ಷೇಪಿಸಿದರು. ಆದರೂ ಎಳೆಯ ಆಟಗಾರರು ಅವನನ್ನೇ ಅನುಕರಿಸತೊಡಗಿದರು. ಅದೇ ವರ್ಷ ಎಕ್ಸೆಲ್ಸಿಯರ್ ತಂಡವು ಆಲ್ಬನಿ, ರೋಚೆಸ್ಟರ್, ಬಫಲೊ ಮೊದಲಾದ ಊರುಗಳಲ್ಲಿ ಆಡಿ, ಅವನ ಕೀರ್ತಿಯನ್ನು ದೂರದವರೆಗೆ ಹರಡಿತು.

ಆಟಗಾರರು ಹಣ ಪಡೆಯುವುದನ್ನು ಅಂದಿನ ನಿಯಮ ನಿಷೇಧಿಸಿತ್ತು. ಆಟವು ಸಭ್ಯರ ವಿನೋದವೇ ಹೊರತು ಹೊಟ್ಟೆಪಾಡಿನ ವೃತ್ತಿಯಲ್ಲ ಎಂಬುದು ಆಗಿನ ಭಾವನೆ. ಆದರೂ ಕ್ರೈಟನ್ನನಿಗೆ ಸಂಘವು ಗುಟ್ಟಾಗಿ ಹಣ ಕೊಡುತ್ತಿತ್ತೆಂದು ಹಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಆದ್ದರಿಂದಲೇ ಅವನನ್ನು ಮೊದಲ ವೃತ್ತಿನಿರತ ಆಟಗಾರರಲ್ಲಿ ಒಬ್ಬನೆಂದು ಗಣಿಸಲಾಗಿದೆ.

ಈ ವೈಭವ ಬಹುಕಾಲ ಉಳಿಯಲಿಲ್ಲ. 1862ರ ಅಕ್ಟೋಬರ್ 14ರಂದು ಪಂದ್ಯವಾಡಿದ ಬಳಿಕ ಅವನಿಗೆ ತೀವ್ರವಾದ ಹೊಟ್ಟೆನೋವು ಕಾಣಿಸಿಕೊಂಡಿತು. ನಾಲ್ಕು ದಿನಗಳಲ್ಲಿ ಅವನು ತೀರಿಕೊಂಡನು. ಒಂದು ಭಾರಿ ಹೊಡೆತವೇ ಅವನ ಪ್ರಾಣವನ್ನು ತೆಗೆದುಕೊಂಡಿತೆಂಬ ಕಥೆ ಹುಟ್ಟಿಕೊಂಡಿತು. ಮೊದಲೇ ಇದ್ದ ಹರ್ನಿಯಾ ಆಟದ ಶ್ರಮದಿಂದ ಉಲ್ಬಣಿಸಿರಬೇಕೆಂಬುದು ಈಗಿನವರ ಊಹೆ. ಆಗ ಅವನಿಗೆ ಕೇವಲ ಇಪ್ಪತ್ತೊಂದು ವರ್ಷ. ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಕ್ರೈಟನ್ನನು ಅಳಿದರೂ ಅವನು ತೋರಿದ ದಾರಿ ಅಳಿಯಲಿಲ್ಲ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡದ ಆಟಗಾರರೆಲ್ಲರೂ ಬಹಿರಂಗವಾಗಿಯೇ ಸಂಬಳ ಪಡೆದರು. 1872ರಲ್ಲಿ ಮಣಿಕಟ್ಟಿನ ಚಳಕಕ್ಕೂ ನಿಯಮದ ಒಪ್ಪಿಗೆ ದೊರೆಯಿತು. ಅವನು ಮರೆಮಾಚಬೇಕಾಗಿದ್ದ ಹಣವೂ ಚಳಕವೂ ಅವನು ಸತ್ತು ಹತ್ತು ವರ್ಷ ತುಂಬುವುದರೊಳಗೆ ಆಟದ ಸಹಜ ಅಂಗಗಳಾದವು.