ತೋಟದ ಮಣ್ಣಿಗೆ ಹಳದಿ ಹೂವಿನ ಹೊದಿಕೆ

ಇಳಿಜಾರಿನ ಅಡಿಕೆ ತೋಟದಲ್ಲಿ ಕಳೆ ಕೆತ್ತಿ ನೆಲವನ್ನು ಬೋಳಾಗಿ ಬಿಟ್ಟರೆ, ಮುಂಗಾರಿನ ಬಿರುಮಳೆಗೆ ಮೇಲ್ಮಣ್ಣೂ ಹಾಕಿದ ಗೊಬ್ಬರವೂ ಹಳ್ಳ ಸೇರುತ್ತವೆ. ಇದನ್ನು ತಡೆಯಲು ಬ್ರೆಜಿಲ್ ಮೂಲದ ಅರಾಕಿಸ್ ಪಿಂಟೊಯ್ ಎಂಬ, ಕಡಲೆಕಾಯಿ ಜಾತಿಯ ಹಳದಿ ಹೂವಿನ ಬಳ್ಳಿ ಯೋಗ್ಯವಾಗಿದೆ. ಇದು ನೆರಳನ್ನು ಸಹಿಸಿ, ಗೆಣ್ಣುಗಳಲ್ಲಿ ಬೇರು ಬಿಟ್ಟು ಮಣ್ಣನ್ನು ಹಿಡಿಯುತ್ತದೆ; ಗಾಳಿಯ ಸಾರಜನಕವನ್ನು ನೆಲಕ್ಕೆ ಒದಗಿಸುತ್ತದೆ. ಕೊಯ್ದರೆ ದನಗಳಿಗೆ ಮೇವೂ ಆಗುತ್ತದೆ.

ಮುಂಗಾರಿನ ಆರಂಭದಲ್ಲಿ 3–4 ಗೆಣ್ಣುಗಳುಳ್ಳ ತುಂಡುಗಳನ್ನು 1 ಅಡಿ ಅಂತರದಲ್ಲಿ, 2 ಗೆಣ್ಣು ಮಣ್ಣಿನೊಳಗಿರುವಂತೆ ನೆಡಬೇಕು. ಬಳ್ಳಿ ಹಬ್ಬುವ ತನಕ ಕಳೆಯನ್ನು ಕೈಯಿಂದ ಕೀಳುವುದು ಅವಶ್ಯ. ಮರದ ಬುಡಕ್ಕೆ ಹಬ್ಬಗೊಡಬಾರದು. ಬೇಸಿಗೆಯಲ್ಲಿ ನೀರಿಲ್ಲದ ತೋಟಕ್ಕೆ ಇದು ಹೊಂದುವುದಿಲ್ಲ. ರೈತ ಬಾಂಧವರು ಮೊದಲು ಒಂದೇ ಸಾಲಿನಲ್ಲಿ ಬೆಳೆಸಿ ನೋಡಲಿ; ಮುಂದಿನ ಮಳೆಗಾಲಕ್ಕೆ ಬೇಕಾದ ತುಂಡುಗಳು ಅಲ್ಲಿಯೇ ಸಿಗುತ್ತವೆ.